ಹತ್ತು ರೂಪಾಯಿಯ ನೋಟು ಮತ್ತು ಇಬ್ಬರು ಅಪರಿಚಿತರು
(ನಲ್ಲೂರಿನಲ್ಲಿ ನಡೆದ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ದೊಡ್ಡ ಭಾಷಣಕಾರನಲ್ಲ. ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಈ ಊರಿನಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಹೋಗಿ ಬಂದ ಒಬ್ಬ ಸಾಮಾನ್ಯ ಗುಮಾಸ್ತ. ನಗರ ಜೀವನದ ಬಗ್ಗೆ ಎರಡು ಮಾತನಾಡಿ ಎಂದು ಕೇಳಿದ್ದಾರೆ. ಪುಸ್ತಕದ ವಿಷಯ ಹೇಳುವ ಶಕ್ತಿ ನನಗಿಲ್ಲ. ಬಸ್ಸಿನಲ್ಲಿ, ಬೀದಿಯಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ.

ಮೊದಲಿಗೆ ನಮ್ಮ ಊರಿನ ಹುಣಸೆ ತೋಪಿನ ಮಾತು. ಸುಮಾರು 54 ಎಕರೆಯ ಆ ತೋಪಿನಲ್ಲಿ ಮುನ್ನೂರರ ಹತ್ತಿರ ಮರಗಳಿವೆ. 2007ರಲ್ಲಿ ಸರ್ಕಾರ ಅದನ್ನು ಜೀವವೈವಿಧ್ಯ ಪಾರಂಪರಿಕ ತಾಣ ಎಂದು ಘೋಷಿಸಿತು. ಇಡೀ ಭಾರತದಲ್ಲೇ ಅಂತಹ ಮೊದಲ ತಾಣ ಅದು. ಅದರ ನಂತರವೇ ನಗರದಿಂದ ಜನ ಕ್ಯಾಮೆರಾ ಹಿಡಿದು ಬರತೊಡಗಿದರು. ಅವರು ಪೊಟರೆ ಬಿದ್ದ ಒಂದೊಂದು ಮರದ ಮುಂದೆಯೂ ನಿಂತು ನೋಡುವುದನ್ನು ಕಂಡಾಗ ನನಗೆ ನಾಚಿಕೆಯಾಯಿತು. ಹುಟ್ಟಿದಾಗಿನಿಂದ ಅದರ ಪಕ್ಕದಲ್ಲೇ ಓಡಾಡಿದ ನಾನು ಒಂದು ದಿನವೂ ನಿಂತು ನೋಡಿರಲಿಲ್ಲ. ಮರಕ್ಕೇ ಹೀಗಾದರೆ, ದಿನವೂ ನಮ್ಮ ಪಕ್ಕದಲ್ಲಿ ಕೂರುವ ಮನುಷ್ಯರ ಗತಿ ಏನು?

1999ರ ಮಾತು. ನಾನು ದೇವನಹಳ್ಳಿಗೆ ಬಂದು, ಅಲ್ಲಿಂದ ಹೆಬ್ಬಾಳಕ್ಕೆ ಹೋಗಿ, ಅಲ್ಲಿ ಸಿಟಿ ಬಸ್ಸು ಹತ್ತಿ ಶಿವಾಜಿನಗರ ಸೇರುತ್ತಿದ್ದೆ. ಆಗ ಚಿಲ್ಲರೆಯದೇ ದೊಡ್ಡ ತಾಪತ್ರಯ. ಕಂಡಕ್ಟರು ಟಿಕೆಟ್ಟಿನ ಹಿಂದೆ ಬಾಕಿ ಬರೆದುಕೊಡುತ್ತಿದ್ದರು. ಇಳಿಯುವಾಗ ಮರೆತರೆ ಹಣ ಹೋಯಿತು. ಒಂದು ದಿನ ನನಗೆ ಐದು ರೂಪಾಯಿ ಬರಬೇಕಿತ್ತು, ಪಕ್ಕದಲ್ಲಿ ಕೂತಿದ್ದ ಹಿರಿಯರಿಗೂ ಐದು. ಕಂಡಕ್ಟರು ಹತ್ತರ ನೋಟೊಂದನ್ನು ನನ್ನ ಕೈಗಿತ್ತು, "ಇಬ್ಬರೂ ಶಿವಾಜಿನಗರ ತಾನೇ? ಹಂಚಿಕೊಳ್ಳಿ" ಎಂದು ಮುಂದೆ ಹೋದರು.

ಒಬ್ಬರ ಮುಖ ಇನ್ನೊಬ್ಬರು ನೋಡಿದೆವು. ಅವರು ಹಣೆಗೆ ವಿಭೂತಿ ಹಚ್ಚಿದ್ದ ಶಾಲಾ ಮೇಷ್ಟ್ರು, ನಾನು ಟೋಪಿ ಹಾಕಿದ್ದ ಗುಮಾಸ್ತ. ಬೇರೆ ದಿನವಾಗಿದ್ದರೆ ಮಾತೇ ಆಡುತ್ತಿರಲಿಲ್ಲ. ಇಳಿದ ಮೇಲೆ ನೋಟು ಮುರಿಸಲು ಒಂದು ಹೋಟೆಲಿಗೆ ಹೋಗಿ ಚಹಾ ಕುಡಿದೆವು. ಆದರೂ ಚಿಲ್ಲರೆ ಸರಿಹೋಗಲಿಲ್ಲ. ನನ್ನ ಪಾಲಿಗೆ ಒಂದು ರೂಪಾಯಿ ಕಡಿಮೆ ಬಿತ್ತು. "ನಾಳೆ ಇದೇ ಬಸ್ಸಿಗೆ ಬರ್ತೀರಲ್ಲ ಸಾಹೇಬ್ರೇ, ಕೊಡ್ತೀನಿ" ಎಂದರು. ಮರುದಿನವೂ ಕೊಡಲಿಲ್ಲ. "ನಿಮ್ಮ ಬಾಕಿ ನೆನಪಿದೆ" ಎಂದು ನಕ್ಕರು. ಹೀಗೆ ನಮ್ಮ ಸ್ನೇಹ ಬೆಳೆಯಿತು.

ಮೇಷ್ಟ್ರ ಜೊತೆ ಓಡಾಡುತ್ತಾ ನಾನು ನಗರವನ್ನು ನೋಡುವುದು ಕಲಿತೆ. ರಸೆಲ್ ಮಾರುಕಟ್ಟೆಯ ಬಳಿ ಸೊಪ್ಪು ಮಾರುವ ಅಜ್ಜಿ ಕೊಸರು ಎಂದು ನಾಲ್ಕು ಎಸಳು ಕರಿಬೇವು ಹಾಕುತ್ತಿದ್ದಳು. ಮೂವರು ಕೂರುವ ಸೀಟಿನಲ್ಲಿ "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಎಂದರೆ ನಾಲ್ಕನೆಯವರಿಗೂ ಜಾಗವಾಗುತ್ತಿತ್ತು. ನಿಂತವರ ಚೀಲವನ್ನು ಕೂತವರು ಕೇಳದೆಯೇ ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದರು. ಯಾರೂ ಯಾರ ಹೆಸರನ್ನೂ ಕೇಳುತ್ತಿರಲಿಲ್ಲ. ಒಮ್ಮೆ ಏಪ್ರಿಲ್‌ನಲ್ಲಿ ಮೇಷ್ಟ್ರು ನನ್ನನ್ನು ಕರಗ ನೋಡಲು ಕರೆದುಕೊಂಡು ಹೋದರು. ತಿಗಳರಪೇಟೆಯ ಧರ್ಮರಾಯ ದೇವಸ್ಥಾನದಿಂದ ಹೊರಟ ಕರಗವು ಕಾಟನ್‌ಪೇಟೆಯ ಹಜರತ್ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಬಂದು ಹೋಗುವ ಪದ್ಧತಿ ಹಿಂದಿನಿಂದ ನಡೆದುಬಂದಿದೆ. ಇಂತಹ ಪದ್ಧತಿ ಯಾರ ಆಜ್ಞೆಯಿಂದಲೂ ಇಷ್ಟು ಕಾಲ ಉಳಿಯುವುದಿಲ್ಲ. ಅಕ್ಕಪಕ್ಕದ ಬೀದಿಯವರು ಒಬ್ಬರನ್ನೊಬ್ಬರು ಬಲ್ಲವರಾದ್ದರಿಂದ ಉಳಿದಿದೆ.

ಆದರೆ ನಗರ ಎಂದರೆ ಬರೀ ಸಿಹಿಯಲ್ಲ. 2010ರಲ್ಲಿ ಮಗನ ಓದಿಗಾಗಿ ಬೆಂಗಳೂರಿನಲ್ಲಿ ಒಂದು ರೂಮು ಹುಡುಕಿದೆ. "ಬಾಡಿಗೆಗೆ ಇದೆ" ಎಂಬ ಬೋರ್ಡು ನೋಡಿ ಫೋನು ಮಾಡಿದರೆ ಬನ್ನಿ ಎನ್ನುತ್ತಿದ್ದರು. ಹೋಗಿ ಹೆಸರು ಹೇಳಿದ ಮೇಲೆ, "ಅಯ್ಯೋ, ಬೇರೆಯವರಿಗೆ ಮಾತು ಕೊಟ್ಟಾಗಿದೆ" ಎಂಬ ಉತ್ತರ. ಮುಂದಿನ ವಾರವೂ ಬೋರ್ಡು ಅಲ್ಲೇ ನೇತಾಡುತ್ತಿತ್ತು. ವಿಷಯ ತಿಳಿದ ಮೇಷ್ಟ್ರು ರಜೆ ಹಾಕಿ ನನ್ನ ಜೊತೆ ಬಂದರು. ಎರಡು ಮನೆಗಳಲ್ಲಿ ಅವರ ಎದುರಿಗೂ ಅದೇ ಮಾತು. ಮೂರನೆಯ ಮನೆಯವರು, "ಮೇಷ್ಟ್ರೇ, ನಿಮ್ಮ ಮಾತಿನ ಮೇಲೆ ಕೊಡ್ತೀನಿ" ಎಂದರು. ರೂಮು ಸಿಕ್ಕಿತು. ಹೊರಗೆ ಬಂದಾಗ ನನಗೆ ಸಂತೋಷವೂ ಆಯಿತು, ಕಣ್ಣೂ ತುಂಬಿತು. ಇಷ್ಟು ವರ್ಷ ದುಡಿದ ನನ್ನ ಮಾತಿಗೆ ಬೆಲೆಯಿಲ್ಲದೆ, ಇನ್ನೊಬ್ಬರ ಮಾತು ಬೇಕಾಯಿತಲ್ಲ ಎಂದು. ಮೇಷ್ಟ್ರಿಗೆ ನನ್ನ ಮನಸ್ಸು ತಿಳಿಯಿತು. ಅವರು ಸಮಾಧಾನ ಹೇಳಲಿಲ್ಲ. ಬಸ್‌ಸ್ಟ್ಯಾಂಡಿನವರೆಗೆ ಸುಮ್ಮನೆ ಜೊತೆಯಲ್ಲಿ ನಡೆದರು.

ವಿದ್ಯಾರ್ಥಿಗಳೇ, ಇಲ್ಲಿಗೇ ನಿಲ್ಲಿಸಿದರೆ ನೀವು ನನ್ನ ಬಗ್ಗೆ ಮರುಗಿ ಮನೆಗೆ ಹೋಗುತ್ತೀರಿ. ಆದರೆ ನನ್ನ ಕಥೆಯ ಇನ್ನೊಂದು ಅರ್ಧ ಉಳಿದಿದೆ. ಅದನ್ನು ಹೇಳದಿದ್ದರೆ ಈ ವೇದಿಕೆಗೆ ಮೋಸ ಮಾಡಿದಂತೆ.

2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಶುರುವಾದ ಮೇಲೆ ನಗರವೇ ನಮ್ಮ ಕಡೆ ನಡೆದು ಬರತೊಡಗಿತು. ನಮ್ಮ ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆ ಭೂಸ್ವಾಧೀನದ ವಿರುದ್ಧ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಹೋರಾಡಿದ್ದು, 2025ರ ಜುಲೈನಲ್ಲಿ ಸರ್ಕಾರ ಅದನ್ನು ಕೈಬಿಟ್ಟಿದ್ದು ನಿಮಗೆಲ್ಲ ಗೊತ್ತು. ಜಮೀನಿನ ಮಾತು ಹಾಗಿರಲಿ. ಕಟ್ಟಡದ ಕೆಲಸಕ್ಕೆಂದು ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಬಂದ ಜನ ಈ ಭಾಗದಲ್ಲಿ ಬಾಡಿಗೆಗೆ ಕೋಣೆ ಕೇಳತೊಡಗಿದರು.

2019ರಲ್ಲಿ ಒಂದು ಸಂಜೆ ಯಾದಗಿರಿ ಕಡೆಯ ಗಂಡ ಹೆಂಡತಿ, ಒಂದು ಎಳೆ ಮಗು, ನಮ್ಮ ಬಾಗಿಲಿಗೆ ಬಂದರು. ನಮ್ಮ ಹಿತ್ತಲ ಕೋಣೆ ಖಾಲಿಯಿತ್ತು. ನಾನು ಊರು ಕೇಳಿದೆ, ಜನ ಯಾರು ಎಂದು ಕೇಳಿದೆ, ಅವರ ಮಾಸಿದ ಬಟ್ಟೆ ನೋಡಿದೆ. ಆಮೇಲೆ, "ಬೇರೆಯವರಿಗೆ ಮಾತು ಕೊಟ್ಟಾಗಿದೆ" ಎಂದೆ. ಸುಳ್ಳು. ಆ ಹೆಂಗಸು, "ಇರ್ಲಿ ಬಿಡ್ರೀ ಅಣ್ಣಾರ, ಕೂಸಿಗೆ ಒಂದ್ ಲೋಟ ನೀರ್ ಕೊಡ್ರಿ" ಎಂದಳು. ಕೊಟ್ಟೆ. ಮಗುವಿಗೆ ಕುಡಿಸಿ, ಮುಖ ಒರೆಸಿ, ಲೋಟ ತೊಳೆದಿಟ್ಟು ಹೋದರು.

ರಾತ್ರಿ ಮಲಗಿದಾಗ ನೆನಪಾಯಿತು. ಅದು ನನ್ನ ಮಾತಲ್ಲ, ಒಂಬತ್ತು ವರ್ಷದ ಹಿಂದೆ ನನಗೆ ಯಾರೋ ಹೇಳಿದ್ದ ಮಾತು. ಒಂದಕ್ಷರ ಬದಲಾಗಿರಲಿಲ್ಲ. ಬೆಳಗ್ಗೆ ಎದ್ದು ಬಸ್ ನಿಲ್ಲುವ ಜಾಗದಲ್ಲಿ, ಚಹಾದ ಅಂಗಡಿಯಲ್ಲಿ ವಿಚಾರಿಸಿದೆ. ಅವರು ಸಿಗಲಿಲ್ಲ. ಮುಂದೆಯೂ ಸಿಗಲಿಲ್ಲ. ಆ ಕೋಣೆಯಲ್ಲಿ ಈಗ ಹೊರಜಿಲ್ಲೆಯ ಇನ್ನೊಂದು ಕುಟುಂಬವಿದೆ. ಅವರನ್ನು ನಾನು ಊರು ಬಿಟ್ಟು ಬೇರೇನೂ ಕೇಳಲಿಲ್ಲ. ಆದರೆ ಅದರಿಂದ ಮೊದಲಿನ ಲೆಕ್ಕ ಚುಕ್ತಾ ಆಗಲಿಲ್ಲ ಎಂಬುದು ನನಗೆ ಗೊತ್ತು.

ಇದನ್ನು ನಿಮ್ಮ ಮುಂದೆ ಹೇಳುವುದಕ್ಕೆ ಕಾರಣವಿದೆ. ನಿಮ್ಮಲ್ಲಿ ಹಲವರು ನಾಳೆ ನಗರಕ್ಕೆ ಓದಲು, ದುಡಿಯಲು ಹೋಗುತ್ತೀರಿ. ನಿಮ್ಮ ಹೆಸರು ಕೇಳಿ ಬಾಗಿಲು ಹಾಕುವವರು ಸಿಗಬಹುದು. ಆ ನೋವು ಸುಳ್ಳಲ್ಲ, ಅನ್ಯಾಯವನ್ನು ಅನ್ಯಾಯ ಎಂದೇ ಕರೆಯಿರಿ. ಆದರೆ ನೋವುಂಡವನು ತಾನಾಗಿಯೇ ಒಳ್ಳೆಯವನಾಗುವುದಿಲ್ಲ. ಅದಕ್ಕೆ ನಾನೇ ಸಾಕ್ಷಿ. ನಮ್ಮ ಬಾಗಿಲಿಗೆ ಯಾರಾದರೂ ಬಂದು ನಿಂತಾಗ ಮಾತ್ರ ನಾವು ಏನು ಕಲಿತೆವು ಎಂಬುದು ತಿಳಿಯುತ್ತದೆ.

ಇನ್ನೊಂದು ಮಾತು. ಈಗ ಬಸ್ಸಿನಲ್ಲಿ ಮೊಬೈಲಿನಿಂದಲೇ ಹಣ ಕೊಡಬಹುದು. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಹಣವೇ ಇಲ್ಲ. ಚಿಲ್ಲರೆಯ ಜಗಳ ಕಡಿಮೆಯಾಗಿದೆ, ಒಳ್ಳೆಯದೇ. ಆದರೆ ಇಬ್ಬರು ಅಪರಿಚಿತರ ಕೈಗೆ ಒಂದೇ ನೋಟು ಕೊಟ್ಟು ಮಾತನಾಡಿಸುವ ಕಂಡಕ್ಟರು ಇನ್ನು ಸಿಗುವುದು ಕಷ್ಟ. ಆ ಕೆಲಸವನ್ನು ನೀವೇ ಮಾಡಬೇಕು. ದಿನಕ್ಕೊಮ್ಮೆಯಾದರೂ ಫೋನನ್ನು ಜೇಬಿನಲ್ಲಿಟ್ಟು ಪಕ್ಕದವರ ಮುಖ ನೋಡಿ. ಭಾರ ಹೊತ್ತು ನಿಂತವರ ಚೀಲ ಇಸಿದುಕೊಳ್ಳಿ. ಹಾಸ್ಟೆಲಿನಲ್ಲಿ ನಮ್ಮವರ ಜೊತೆ ಮಾತ್ರ ಊಟಕ್ಕೆ ಕೂರಬೇಡಿ. ಮೇಷ್ಟ್ರು ನನ್ನ ಪರವಾಗಿ ಮಾತು ಕೊಟ್ಟಿದ್ದು ಯಾವ ಭಾಷಣ ಕೇಳಿಯೂ ಅಲ್ಲ. ಹನ್ನೊಂದು ವರ್ಷ ಒಂದೇ ಬಸ್ಸಿನಲ್ಲಿ ನನ್ನನ್ನು ನೋಡಿದ್ದರಿಂದ.

ಮೇಷ್ಟ್ರು ಈಗ ಮೈಸೂರಿನಲ್ಲಿ ಮಗನ ಮನೆಯಲ್ಲಿದ್ದಾರೆ. ಹಬ್ಬಕ್ಕೆ ಫೋನು ಮಾಡಿದಾಗಲೆಲ್ಲ, "ಸಾಹೇಬ್ರೇ, ನಿಮ್ಮ ಒಂದು ರೂಪಾಯಿ ಬಾಕಿ ಇದೆ, ಮರೆತಿಲ್ಲ" ಎನ್ನುತ್ತಾರೆ. ನಾನೂ ವಸೂಲಿ ಮಾಡುವ ಆತುರದಲ್ಲಿಲ್ಲ. ಆದರೆ ಯಾದಗಿರಿಯ ಆ ದಂಪತಿಗೆ ನಾನು ಉಳಿಸಿಕೊಂಡ ಬಾಕಿ ದೊಡ್ಡದು. ಅಂತಹ ಬಾಕಿ ನಿಮ್ಮ ಯಾರ ತಲೆಯ ಮೇಲೂ ಬರದಿರಲಿ ಎಂದು ಹಾರೈಸುತ್ತೇನೆ.