ನಡುವೆಯೇ ಕೇಳಬೇಕಾದ ಪ್ರಶ್ನೆ

ಪಾಠ ಹೇಳುವವರು ಕಲಿಯುವವರ ಅಭಿಪ್ರಾಯ ಕೇಳುವುದು ಅಮೆರಿಕದಲ್ಲಿ ಹೊಸತಲ್ಲ. ಪರ್ಡ್ಯೂ ವಿಶ್ವವಿದ್ಯಾಲಯದ ರೆಮ್ಮರ್ಸ್ ಮೊದಲಾದವರು 1920ರ ದಶಕದಲ್ಲಿಯೇ ಅದಕ್ಕೊಂದು ಮಾಪಕವನ್ನು ರೂಪಿಸಿದ್ದರು. ಈಗ ಬಹುತೇಕ ಕಾಲೇಜುಗಳಲ್ಲಿ ಸೆಮಿಸ್ಟರಿನ ಕೊನೆಗೆ ವಿದ್ಯಾರ್ಥಿಗಳು ಅಧ್ಯಾಪಕರಿಗೆ ಅಂಕ ಕೊಡುತ್ತಾರೆ. ಆದರೆ ಅದರಿಂದ ಕೊಟ್ಟವರಿಗೇನು ಲಾಭ? ಎಲೆ ಎತ್ತಿದ ಮೇಲೆ ಸಾರಿಗೆ ಉಪ್ಪು ಸಾಕಾಯಿತೇ ಎಂದು ವಿಚಾರಿಸಿದಂತೆ!

ನಮ್ಮೂರಿನ ಭಾನುವಾರದ ಕನ್ನಡ ತರಗತಿಯಲ್ಲಿ ಎರಡು ವರ್ಷ ಪಾಠ ಹೇಳಿದರೂ ನಾವು ಮಕ್ಕಳನ್ನು ಏನನ್ನೂ ಕೇಳಿರಲಿಲ್ಲ. ಗುರುವಿನ ತಪ್ಪನ್ನು ಆಡಬಾರದೆಂಬ ಸಂಸ್ಕಾರದಲ್ಲಿ ಬೆಳೆದವರಲ್ಲವೇ ನಾವು? ಮಕ್ಕಳು ಒಬ್ಬೊಬ್ಬರಾಗಿ ಬರುವುದನ್ನು ನಿಲ್ಲಿಸಿದಾಗ ಎಚ್ಚರವಾಯಿತು. ಉಳಿದವರಿಗೆ ಚೀಟಿ ಹಂಚಿ, ಹೆಸರು ಬೇಡ, ಇಂಗ್ಲಿಷಾದರೂ ಸರಿ, ನಮ್ಮ ಪಾಠದಲ್ಲಿ ಕಷ್ಟವಾಗುವುದೇನೆಂದು ಬರೆಯಿರೆಂದೆವು. ಕಾಗುಣಿತವೇ ಕಷ್ಟವೆನ್ನುವರೆಂದು ಎಣಿಸಿದ್ದೆವು. ಒಂದು ಚೀಟಿಯಲ್ಲಿ ಹೀಗಿತ್ತು: "ನಾನು ತಪ್ಪಾಗಿ ಮಾತಾಡಿದಾಗ ನೀವು ನಗುತ್ತೀರಿ."

ನಾವು ನಕ್ಕದ್ದು ಅಕ್ಕರೆಯಿಂದಲೇ. ಮಗುವಿಗೆ ಅದು ತಿಳಿಯುವುದೆಂತು? ಮುಂದಿನ ವಾರ ಅದನ್ನು ತರಗತಿಯಲ್ಲಿಯೇ ಓದಿ ತಪ್ಪೊಪ್ಪಿಕೊಂಡೆವು. ಉತ್ತರ ಪಡೆದು ಸುಮ್ಮನಿದ್ದರೆ ಮಕ್ಕಳು ಮತ್ತೊಮ್ಮೆ ಬರೆಯಲಾರರು. ಬಿಟ್ಟುಹೋದವರಲ್ಲಿ ಇಬ್ಬರು ಮರಳಿದ್ದಾರೆ. ಉಳಿದವರ ಮನೆಗೆ ಫೋನು ಮಾಡುವ ಧೈರ್ಯ ನಮಗಿನ್ನೂ ಬಂದಿಲ್ಲ.