ನಮ್ಮ ಮೈಗೆ ಯಾರ ಸಹಿ?

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ಸಹಿ ಅಂದರೆ ಏನು ಅಂತ ಹಾಸ್ಟೆಲಿನಲ್ಲಿರುವ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸೀಟು ಬೇಕಾದರೆ ಸಹಿ, ಸ್ಕಾಲರ್‌ಶಿಪ್ ಬೇಕಾದರೆ ಸಹಿ, ಹಬ್ಬಕ್ಕೆ ಊರಿಗೆ ಹೋಗಬೇಕಾದರೆ ವಾರ್ಡನ್ನರ ಸಹಿ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ನಮ್ಮ ತೋಳಿಗೆ ಸೂಜಿ ಚುಚ್ಚುವಾಗ, ನಮ್ಮ ಹೊಟ್ಟೆ ಕೊಯ್ಯುವಾಗ ಯಾರ ಸಹಿ ಬೇಕು? ಇವತ್ತು ಇದೊಂದು ಪ್ರಶ್ನೆ ಇಟ್ಟುಕೊಂಡು ಮಾತಾಡೋಣ.

2009ರಲ್ಲಿ ಖಮ್ಮಂ ಜಿಲ್ಲೆಯಲ್ಲಿ 10ರಿಂದ 14 ವರ್ಷದ ಹುಡುಗಿಯರಿಗೆ ಒಂದು ಲಸಿಕೆ ಹಾಕಲು ಶುರುಮಾಡಿದರು. ಆಗ ಅದು ಆಂಧ್ರಪ್ರದೇಶ, ಈಗ ತೆಲಂಗಾಣ. ಹೆಂಗಸರಿಗೆ ಬರುವ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌.ಪಿ.ವಿ. ಲಸಿಕೆ ಅದು. ಪಾತ್ ಎಂಬ ಅಮೆರಿಕದ ಸಂಸ್ಥೆ, ನಮ್ಮ ಐ.ಸಿ.ಎಂ.ಆರ್., ರಾಜ್ಯ ಸರ್ಕಾರ, ಮೂರೂ ಸೇರಿ ನಡೆಸಿದ ಕೆಲಸ. ಗುಜರಾತಿನ ವಡೋದರ ಜಿಲ್ಲೆಯಲ್ಲೂ ಇದು ನಡೆಯಿತು. ಎರಡೂ ಕಡೆ ಸೇರಿ 20 ಸಾವಿರಕ್ಕೂ ಹೆಚ್ಚು ಹುಡುಗಿಯರು. ಭದ್ರಾಚಲಂ ಕಡೆಯವರಲ್ಲಿ ಅನೇಕರು ಆದಿವಾಸಿ ಮಕ್ಕಳು. ಅಪ್ಪ ಅವ್ವನ್ನ ಕಾಡಿನ ಹಾಡಿಯಲ್ಲಿ ಬಿಟ್ಟು ಸರ್ಕಾರಿ ಹಾಸ್ಟೆಲಿನಲ್ಲಿ ಓದುತ್ತಿದ್ದವರು. ಅಂದರೆ ನಮ್ಮಂಥವರೇ.

ಏಳು ಹುಡುಗಿಯರು ಸತ್ತರು. ದೆಹಲಿಯ ಸಮಾ ಎಂಬ ಮಹಿಳಾ ಆರೋಗ್ಯ ಸಂಘಟನೆಯವರು 2010ರಲ್ಲಿ ಭದ್ರಾಚಲಂಗೆ ಹೋಗಿ ವಿಚಾರಿಸಿದರು. ಗಲಾಟೆ ಎದ್ದಿತು. ಆ ಏಪ್ರಿಲ್‌ನಲ್ಲಿ ಸರ್ಕಾರ ಕೆಲಸ ನಿಲ್ಲಿಸಿತು. ಸರ್ಕಾರ ನೇಮಿಸಿದ ವಿಚಾರಣಾ ಸಮಿತಿ, ಈ ಸಾವುಗಳಿಗೂ ಲಸಿಕೆಗೂ ಸಂಬಂಧ ಇರಲಾರದು ಎಂದಿತು. ನಾವು ಅದನ್ನು ಮುಚ್ಚಿಟ್ಟು ಮಾತಾಡಬಾರದು. ಲಸಿಕೆ ವಿಷ ಅಂತ ನಾವು ಹೇಳ್ತಾ ಇಲ್ಲ. ಎಷ್ಟೋ ದೇಶಗಳಲ್ಲಿ ಹೆಣ್ಣುಮಕ್ಕಳನ್ನು ಕಾಪಾಡುತ್ತಿರುವ ಲಸಿಕೆ ಅದು. ನಮ್ಮ ತಂಗಿಯರಿಗೂ ಅದು ಸಿಗಬೇಕು. ನಾವು ಕೇಳ್ತಾ ಇರೋದು ಬೇರೆ.

2013ರ ಆಗಸ್ಟ್‌ನಲ್ಲಿ ಪಾರ್ಲಿಮೆಂಟಿನ ಸ್ಥಾಯಿ ಸಮಿತಿ ಇದರ ಮೇಲೆ ವರದಿ ಕೊಟ್ಟಿತು. ಆಂಧ್ರದ 9,543 ಒಪ್ಪಿಗೆ ಫಾರಂಗಳ ಲೆಕ್ಕ ಅದರಲ್ಲಿದೆ. 1,948 ಫಾರಂಗಳ ಮೇಲೆ ಹೆಬ್ಬೆಟ್ಟು. 2,763 ಫಾರಂಗಳಿಗೆ ಸಹಿ ಹಾಕಿದವರು ಹಾಸ್ಟೆಲ್ ವಾರ್ಡನ್ನರು. ನೂರು ಫಾರಂ ತೆಗೆದು ನೋಡಿದರೆ 69ರಲ್ಲಿ ಸಾಕ್ಷಿಯ ಸಹಿಯೇ ಇಲ್ಲ. ಇದು ಬರೀ ಲಸಿಕೆ ಹಂಚಿಕೆ, ಪ್ರಯೋಗ ಅಲ್ಲ ಎಂದು ನಡೆಸಿದವರು ವಾದಿಸಿದರು. ಅಲ್ಲ, ಇದು ಮನುಷ್ಯರ ಮೇಲಿನ ಪ್ರಯೋಗವೇ ಎಂದು ಸಮಿತಿ ಹೇಳಿತು. ಮಕ್ಕಳಿಗೆ ತೊಂದರೆಯಾದರೆ ನೋಡಿಕೊಳ್ಳುವ ಸರಿಯಾದ ಏರ್ಪಾಟು ಇರಲಿಲ್ಲ ಎಂದೂ ಹೇಳಿತು.

ಯೋಚನೆ ಮಾಡಿ ಗೆಳೆಯರೆ. ವಾರ್ಡನ್ ಹೆತ್ತವರಲ್ಲ. ಕಾನೂನಿನ ಪ್ರಕಾರ ಪೋಷಕರೂ ಅಲ್ಲ. ಅವರು ಸರ್ಕಾರದ ನೌಕರರು. ಸರ್ಕಾರವೇ ಸೂಜಿ ತಂದಿತು, ಸರ್ಕಾರವೇ ಹೆತ್ತವರ ಜಾಗದಲ್ಲಿ ಕೂತು ಒಪ್ಪಿಗೆಯನ್ನೂ ಕೊಟ್ಟುಕೊಂಡಿತು. ದುಡ್ಡುಳ್ಳವರ ಮಕ್ಕಳು ಓದುವ ಬೋರ್ಡಿಂಗ್ ಶಾಲೆಗೆ ಹೋಗಿ ಹೀಗೆ ಮಾಡುವ ಧೈರ್ಯ ಯಾರಿಗಿದೆ? ನಮ್ಮ ಮಕ್ಕಳು ಒಂದೇ ಕಡೆ ಸಿಗ್ತಾರೆ, ಕೇಳೋರು ಯಾರೂ ಇಲ್ಲ. ಅದಕ್ಕೇ ಹಾಸ್ಟೆಲ್ ಬೇಕಾಯಿತು.

ಇನ್ನು ಹೆಬ್ಬೆಟ್ಟು. ಹೆಬ್ಬೆಟ್ಟಿನ ಚರಿತ್ರೆ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಮ್ಮ ತಾತ ಮುತ್ತಾತಂದಿರು ಸಾಹುಕಾರನ ಪತ್ರಕ್ಕೆ ಹೆಬ್ಬೆಟ್ಟು ಒತ್ತಿ ಜೀತಕ್ಕೆ ಬಿದ್ದರು. ಪತ್ರದಲ್ಲಿ ಏನಿದೆ ಅಂತ ಯಾರೂ ಓದಿ ಹೇಳಲಿಲ್ಲ. ತಿಳಿಸಿ ಹೇಳದೆ ಒತ್ತಿಸಿಕೊಂಡ ಹೆಬ್ಬೆಟ್ಟು ಒಪ್ಪಿಗೆ ಅಲ್ಲ. ಅದು ಸಾಹುಕಾರನ ಜಗಲಿಯಲ್ಲಾದರೂ ಅಷ್ಟೆ, ಆಸ್ಪತ್ರೆಯ ಮೇಜಿನ ಮೇಲಾದರೂ ಅಷ್ಟೆ.

ಇದು ಹೊಸ ಕಥೆಯೂ ಅಲ್ಲ. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976-77ರ ಒಂದೇ ವರ್ಷ, ದೇಶದಲ್ಲಿ 80 ಲಕ್ಷಕ್ಕೂ ಮೇಲೆ ಸಂತಾನಹರಣದ ಆಪರೇಷನ್ ಮಾಡಿದರು. ಹಲವು ರಾಜ್ಯಗಳಲ್ಲಿ ಮೇಷ್ಟರಿಗೂ ನೌಕರರಿಗೂ ತಲೆಗಳ ಕೋಟಾ ಕೊಟ್ಟು, ಕೋಟಾ ಮುಟ್ಟದಿದ್ದರೆ ಸಂಬಳ ಹಿಡಿದರು. ಕೋಟಾ ತುಂಬಬೇಕಾದಾಗ ಅವರು ಎಲ್ಲಿಗೆ ಬರ್ತಾರೆ? ಕೇರಿಗೆ ಬರ್ತಾರೆ, ಕೊಳಗೇರಿಗೆ ಬರ್ತಾರೆ. ಆಪರೇಷನ್ ಆದಮೇಲೆ ಸತ್ತವರು 1,774 ಮಂದಿ ಎಂದು ಆಮೇಲೆ ಷಾ ಆಯೋಗ ದಾಖಲೆ ಮಾಡಿತು.

ಕುಟುಂಬ ಯೋಜನೆಗೆ ನಾವು ವಿರೋಧಿಗಳೇ? ಅಲ್ಲ. 1938ರಲ್ಲೇ ಮುಂಬೈ ಶಾಸನಸಭೆಯಲ್ಲಿ ಸಂತಾನ ನಿಯಂತ್ರಣದ ಪರವಾಗಿ ಗೊತ್ತುವಳಿ ತಂದದ್ದು ಬಾಬಾಸಾಹೇಬರ ಪಕ್ಷ. ಹೆಣ್ಣಿಗೆ ಬೇಡವೆನಿಸಿದಾಗ ಬೇಡ ಅನ್ನುವ ಅನುಕೂಲ ಇರಬೇಕು ಅನ್ನೋದು ಅಲ್ಲಿನ ಮಾತು. 1976ರಲ್ಲಿ ನಡೆದದ್ದು ಅದರ ತಲೆಕೆಳಗು. ಅದೂ ನಿಂತಿತೇ? 2014ರ ನವೆಂಬರ್‌ನಲ್ಲಿ ಛತ್ತೀಸ್‌ಗಢದ ಬಿಲಾಸಪುರದ ಹತ್ತಿರ ಒಂದೇ ಶಿಬಿರದಲ್ಲಿ, ಕೆಲವೇ ಗಂಟೆಯೊಳಗೆ 83 ಹೆಂಗಸರಿಗೆ ಆಪರೇಷನ್ ಮಾಡಿದರು. ಆ ದಿನಗಳ ಶಿಬಿರಗಳಿಂದ 13 ಹೆಂಗಸರು ಸತ್ತರು. ಇಂಥ ಶಿಬಿರಗಳನ್ನು ಮೂರು ವರ್ಷದೊಳಗೆ ನಿಲ್ಲಿಸುವತ್ತ ಹೋಗಿ, ಒಪ್ಪಿಗೆ ಪತ್ರ ಅವರ ಭಾಷೆಯಲ್ಲೇ ಇರಲಿ ಎಂದು ಸುಪ್ರೀಂ ಕೋರ್ಟು 2016ರಲ್ಲಿ ಹೇಳಬೇಕಾಯಿತು.

ಇಲ್ಲಿ ಒಂದು ಪ್ರಶ್ನೆ ಬರುತ್ತೆ. ಅಂಟುರೋಗ ಬಂದಾಗ ಎಲ್ಲರನ್ನೂ ಕೇಳ್ತಾ ಕೂತರೆ ಊರು ಉಳಿಯುತ್ತಾ? ಸರಿಯಾದ ಪ್ರಶ್ನೆ. ಊರು ಉಳಿಯಲು ಕೆಲವು ಸಲ ಒಬ್ಬರ ಓಡಾಟ ತಡೆಯಬೇಕಾಗಬಹುದು. ಮುಂಬೈ ಪ್ಲೇಗಿನ ಸಮಯದಲ್ಲಿ ಬ್ರಿಟಿಷರು 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ಮಾಡಿದರು. ಕೊರೊನಾ ಬಂದಾಗ 2020ರಲ್ಲಿ ನಮ್ಮ ಮೇಲೆ ಚಲಾಯಿಸಿದ್ದೂ ಅದನ್ನೇ. ಬಲುಸಣ್ಣ ಕಾಯ್ದೆ. ಸರ್ಕಾರಕ್ಕೆ ಏನೇನು ಅಧಿಕಾರ ಅಂತ ಅದರಲ್ಲಿದೆ, ಅಧಿಕಾರಿಯ ಮೇಲೆ ದಾವೆ ಹೂಡಬಾರದು ಅಂತಲೂ ಇದೆ. ರೋಗಿಗೆ ಏನು ಹಕ್ಕು ಅಂತ ಒಂದು ಸಾಲಿಲ್ಲ. 2020ರಲ್ಲಿ ತಿದ್ದುಪಡಿ ಮಾಡಿ ವೈದ್ಯರು, ದಾದಿಯರ ಮೇಲೆ ಕೈಮಾಡಿದವರಿಗೆ ಶಿಕ್ಷೆ ಇಟ್ಟರು. ಒಳ್ಳೆಯದೇ. ಆದರೆ ಕೂಡಿಹಾಕಿದವನಿಗೆ ಅನ್ನ ನೀರು ಯಾರು ಕೊಡಬೇಕು, ಎಷ್ಟು ದಿನ ಕೂಡಿಹಾಕಬಹುದು, ಅನ್ಯಾಯವಾದರೆ ಯಾರಿಗೆ ಹೇಳಬೇಕು, ಆಗಲೂ ಬರೆಯಲಿಲ್ಲ.

2022ರ ಮೇನಲ್ಲಿ ಸುಪ್ರೀಂ ಕೋರ್ಟು ಎರಡು ಮಾತು ಹೇಳಿತು. ನಮ್ಮ ದೇಹ ನಮ್ಮದು, ಸಂವಿಧಾನದ 21ನೇ ವಿಧಿ ಅದನ್ನು ಕಾಯುತ್ತದೆ, ಬಲವಂತವಾಗಿ ಲಸಿಕೆ ಹಾಕುವಂತಿಲ್ಲ. ಜನರ ಆರೋಗ್ಯಕ್ಕಾಗಿ ಸರ್ಕಾರ ನಿರ್ಬಂಧ ಹಾಕಬಹುದು, ಆದರೆ ಅದು ಅಗತ್ಯಕ್ಕೆ ತಕ್ಕಷ್ಟೇ ಇರಬೇಕು. ಎರಡು ಮಾತನ್ನೂ ಒಟ್ಟಿಗೆ ನೆನಪಿಡೋಣ. ಬಲವಂತಕ್ಕೆ ನಮ್ಮನ್ನು ಹುಡುಕಿಕೊಂಡು ಬರುವ ಆಸ್ಪತ್ರೆ, ಜ್ವರ ಬಂದಾಗ ಬಾಗಿಲು ಮುಚ್ಚಿದರೆ ಅದೂ ಅಪರಾಧ. ತುರ್ತಿನಲ್ಲಿ ಬಂದ ರೋಗಿಯನ್ನು ಸರ್ಕಾರಿ ಆಸ್ಪತ್ರೆ ತಿರುಗಿಸಿ ಕಳಿಸಿದರೆ ಬದುಕುವ ಹಕ್ಕನ್ನೇ ಮುರಿದಂತೆ ಎಂದು 1996ರಲ್ಲೇ ತೀರ್ಪಾಗಿದೆ.

ನಮ್ಮದೇ ಒಂದು ಕಾಯ್ದೆ ಇದೆ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆಗೆ 1976ರಲ್ಲಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಎಂದು ಹೆಸರು ಬದಲಾಯಿಸಿದರು. ಒಂದು ಕಡೆ ಆಪರೇಷನ್ ಶಿಬಿರ ನಡೆಯುತ್ತಿದ್ದ ಅದೇ ವರ್ಷ! ಅದರ 5ನೇ ಕಲಮಿನಲ್ಲಿ ಆಸ್ಪತ್ರೆ, ಔಷಧಾಲಯ, ಶಾಲೆ, ಹಾಸ್ಟೆಲು ಒಂದೇ ಸಾಲಿನಲ್ಲಿವೆ. ಅಸ್ಪೃಶ್ಯತೆಯ ಕಾರಣಕ್ಕೆ ಒಳಗೆ ಬಿಡದಿದ್ದರೂ ಅಪರಾಧ, ಒಳಗೆ ಬಿಟ್ಟು ಭೇದ ಮಾಡಿದರೂ ಅಪರಾಧ.

ಹಾಗಾದರೆ ನಾವು ಮಾಡಬೇಕಾದ್ದು ಏನು? ಹದಿನೆಂಟು ತುಂಬಿದವರ ಒಪ್ಪಿಗೆ ಅವರದೇ, ವಾರ್ಡನ್ನರದಲ್ಲ. ತುಂಬದವರಿಗೆ ಹೆತ್ತವರನ್ನು ಕರೆಸಿ ಅಥವಾ ಅವರ ಬಳಿ ಹೋಗಿ, ಅವರ ಮಾತಿನಲ್ಲಿ ತಿಳಿಸಿ ಕೇಳಬೇಕು. ಪ್ರಯೋಗವಾದರೆ ಮಕ್ಕಳನ್ನೂ ಕೇಳಬೇಕು. ಪ್ರಾಣಕ್ಕೆ ಬಂದ ಹೊತ್ತಿನಲ್ಲಿ ಮಾತ್ರ ಸಹಿಗೆ ಕಾಯದೆ ವೈದ್ಯರು ಕೈಹಾಕಬಹುದು, ಹಾಕಲೇಬೇಕು. ಉಳಿದಂತೆ ಕೇಳಿ: ಇದು ಏನು ಔಷಧಿ, ಯಾಕೆ, ಏನು ತೊಂದರೆ ಆಗಬಹುದು, ಬೇಡ ಅಂದರೆ ಏನಾಗುತ್ತೆ, ತೊಂದರೆಯಾದರೆ ಯಾರು ನೋಡ್ತಾರೆ? ಇದು ಪ್ರಯೋಗವೋ ಚಿಕಿತ್ಸೆಯೋ? ಒಳರೋಗಿಯಾಗಿ ಸೇರಿದರೆ ನಿಮ್ಮ ದಾಖಲೆ ಕೇಳಿ. ಕೇಳಿದ 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯರ ನಡತೆಯ 2002ರ ನಿಯಮವೇ ಹೇಳುತ್ತದೆ.

ಪ್ರತಿ ಹಾಸ್ಟೆಲಿನಲ್ಲೂ ನಾಲ್ಕು ಜನ ಇದನ್ನು ಕಲಿತುಕೊಳ್ಳಬೇಕು. ಕೇರಿಗೆ ಶಿಬಿರ ಬಂದ ದಿನ ಹೋಗಿ ಫಾರಂ ಓದಿ ಹೇಳಬೇಕು. ನಮ್ಮವ್ವ ಹೆಬ್ಬೆಟ್ಟು ಒತ್ತುವ ಮುಂಚೆ ಅದರಲ್ಲಿ ಏನಿದೆ ಅಂತ ಅವಳಿಗೆ ಗೊತ್ತಿರಬೇಕು. ಅವಳು ಆಗಲಿ ಅಂದರೆ ಆಗಲಿ, ಬೇಡ ಅಂದರೆ ಬೇಡ. ಬೇಡ ಅಂದದ್ದಕ್ಕೆ ರೇಷನ್ನು, ಪೆನ್ಷನ್ನು, ಹಾಸ್ಟೆಲ್ ಸೀಟು ಕಿತ್ತುಕೊಳ್ಳಲು ಬಂದರೆ ಆಗ ನಾವೆಲ್ಲ ಬೀದಿಗೆ ಇಳಿಯೋಣ.

ನಮ್ಮನ್ನು ಓದಿಸಲು ನಮ್ಮವರು ಕೂಲಿ ಮಾಡಿದ್ದಾರೆ. ಆ ಓದು ಮೊದಲು ಅವರ ಫಾರಂ ಓದಲು ಬಳಕೆಯಾಗಲಿ.

ಜೈ ಭೀಮ್.