ಪುಕ್ಕಟೆ ಗುಮಾಸ್ತನನ್ನು ಆರಿಸುವಾಗ

(ಗಿರಣಿ ಕೆಲಸಗಾರರೂ ಸಣ್ಣ ವ್ಯಾಪಾರಿಗಳೂ ನೆರೆದಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಹೋದ ಸಭೆ ಮುಗಿದು ಎಲ್ಲರೂ ಎದ್ದು ಹೊರಟಾಗ, ಸ್ಪಿನ್ನಿಂಗ್ ಖಾತೆಯ ಹಿರಿಯರೊಬ್ಬರು ತಮ್ಮ ಫೋನನ್ನು ನಮ್ಮ ಕೈಗೆ ಕೊಟ್ಟು, "ನಮ್ಮ ಹುಡುಗ ಇದರಲ್ಲಿ ನಾಲ್ಕು ಎಐ ಆ್ಯಪು ಹಾಕಿಕೊಟ್ಟಾನೆ. ನಾಲ್ಕೂ ಪುಕ್ಕಟೆ ಅಂತಾವೆ. ಯಾವುದನ್ನ ಇಟ್ಟುಕೊಳ್ಳಲಿ, ಯಾವುದನ್ನ ತೆಗೆಯಲಿ?" ಎಂದು ಕೇಳಿದರು. ಆಗ ನಮ್ಮ ಬಳಿ ಉತ್ತರವಿರಲಿಲ್ಲ. ಆಮೇಲೆ ನಾವು ಐದಾರು ಜನ ಕೂತು, ನಮ್ಮ ನಮ್ಮ ಫೋನುಗಳಲ್ಲಿ ಈ ಆ್ಯಪುಗಳನ್ನು ಹಾಕಿಕೊಂಡು, ಒಂದೇ ಪ್ರಶ್ನೆಯನ್ನು ಬೇರೆ ಬೇರೆಯವಕ್ಕೆ ಕೇಳಿ ನೋಡಿದೆವು. ಅದರಿಂದ ತಿಳಿದುಬಂದದ್ದನ್ನು ಈ ಹೊತ್ತು ತಮ್ಮ ಮುಂದಿಡುತ್ತೇವೆ.

ಮೊದಲು ಆ ಪುಕ್ಕಟೆಯ ಮಾತು. ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎಂಬ ಗಾದೆ ನಮ್ಮದು. ಅದನ್ನು ನಮಗಿಂತ ಚೆನ್ನಾಗಿ ಬಲ್ಲವರು ದೊಡ್ಡ ಕಂಪನಿಗಳವರು ಎಂಬುದು 2025ರಲ್ಲಿ ಕಂಡುಬಂತು. ಆ ವರ್ಷ ಜುಲೈಯಲ್ಲಿ ಏರ್‌ಟೆಲ್ ತನ್ನ ಸುಮಾರು 36 ಕೋಟಿ ಗಿರಾಕಿಗಳಿಗೆ ಪರ್‌ಪ್ಲೆಕ್ಸಿಟಿ ಎಂಬ ಆ್ಯಪಿನ ಮೇಲ್ದರ್ಜೆಯನ್ನು ಒಂದು ವರ್ಷ ಬಿಟ್ಟಿ ಕೊಡುವುದಾಗಿ ಸಾರಿತು. ಬೆಲೆ ವರ್ಷಕ್ಕೆ 17,000 ರೂಪಾಯಿ ಎಂದರು. ಅಕ್ಟೋಬರ್ ಕೊನೆಗೆ ಜಿಯೊ ಮತ್ತು ಗೂಗಲ್ ಒಟ್ಟಾಗಿ ಜೆಮಿನಿಯ ಮೇಲ್ದರ್ಜೆಯನ್ನು 18 ತಿಂಗಳು ಕೊಡುತ್ತೇವೆಂದರು. ಅದರ ಬೆಲೆ 35,100 ರೂಪಾಯಿಯಂತೆ. ಅದು ಮೊದಲು ಸಿಕ್ಕಿದ್ದು 18ರಿಂದ 25 ವಯಸ್ಸಿನವರಿಗೆ. ಸಂಸಾರ ಹೊತ್ತವರಿಗಿಂತ ರೂಢಿ ಬೇಗ ಹತ್ತುವವರು ಹುಡುಗರು ತಾನೆ! ನವೆಂಬರ್ 4ರಿಂದ ಓಪನ್‌ಎಐ ಕಂಪನಿಯೂ ತಿಂಗಳಿಗೆ 399 ರೂಪಾಯಿಯ ಚಾಟ್‌ಜಿಪಿಟಿ ಗೋ ಎಂಬುದನ್ನು ಒಂದು ವರ್ಷ ಪುಕ್ಕಟೆ ಮಾಡಿತು.

ಇದೆಲ್ಲ ಏಕೆಂಬುದನ್ನು ಅಂಗಡಿಯವರಾದ ತಮಗೆ ಬಿಡಿಸಿ ಹೇಳಬೇಕಾಗಿಲ್ಲ. ಹೊಸ ಬೀಡಿ ಪೇಟೆಗೆ ಬಂದಾಗ ಮೊದಲ ವಾರ ಕಟ್ಟು ಹಂಚುತ್ತಾರೆ. ರುಚಿ ಹತ್ತಿದ ಮೇಲೆ ಯಾರೂ ಹಂಚುವುದಿಲ್ಲ. ಇನ್ನೊಂದು ಕಾರಣ ಗಿರಣಿಯವರಿಗೆ ಬೇಗ ತಿಳಿಯುತ್ತದೆ. ಗಿರಣಿಗೆ ಹತ್ತಿ ಬೇಕು. ಹತ್ತಿಯಿಲ್ಲದೆ ಎಂಥ ಯಂತ್ರವೂ ನಿಂತೇ ಇರುತ್ತದೆ. ಈ ಹೊಸ ಯಂತ್ರಗಳಿಗೆ ಹತ್ತಿಯೆಂದರೆ ಮನುಷ್ಯರ ಮಾತು ಮತ್ತು ಬರಹ. ನಾವು ಕೇಳುವ ಪ್ರಶ್ನೆ, ತಿದ್ದುವ ತಪ್ಪು, ಕಳಿಸುವ ಚಿತ್ರ, ಇವೆಲ್ಲ ಅವರ ಗೋದಾಮಿಗೆ ಹೋಗಬಲ್ಲ ಸರಕು. ಕಮಲಾಪುರದ ರೈತನಾದರೆ ಹತ್ತಿಯನ್ನು ತೂಗಿ ದರ ಕೇಳಿ ಕೊಡುತ್ತಾನೆ. ನಾವು ತೂಗದೆ ಕೊಡುತ್ತಿದ್ದೇವೆ. ಮೂರನೆಯದು ಜಾಹೀರಾತು. ಅಮೆರಿಕದಲ್ಲಿ 2026ರ ಆರಂಭದಲ್ಲಿ ಚಾಟ್‌ಜಿಪಿಟಿಯ ಪುಕ್ಕಟೆ ದರ್ಜೆಯಲ್ಲಿ ಜಾಹೀರಾತು ಹಾಕುವ ಪ್ರಯೋಗ ಶುರುವಾಯಿತು.

ಹಾಗೆಂದು ಇವನ್ನು ಮುಟ್ಟಲೇಬಾರದೆನ್ನುವವರು ನಾವಲ್ಲ. ಒಂದು ಅರ್ಜಿ ಬರೆಸಲು ಕಚೇರಿಯ ಮುಂದೆ ಅರ್ಧ ದಿನದ ಕೂಲಿ ಕಳೆದುಕೊಳ್ಳುತ್ತಿದ್ದವರು ಈಗ ಮನೆಯಲ್ಲಿ ಕೂತು ಬಾಯಲ್ಲಿ ಹೇಳಿ ಬರೆಸಿಕೊಳ್ಳುವುದನ್ನು ಕಣ್ಣಾರೆ ಕಂಡಿದ್ದೇವೆ. ಬ್ಯಾಂಕಿನ ಇಂಗ್ಲಿಷ್ ಕಾಗದದ ಫೋಟೊ ತೆಗೆದು, ಅದರಲ್ಲಿ ಏನಿದೆಯೆಂದು ಕನ್ನಡದಲ್ಲಿ ಕೇಳಿ ತಿಳಿದುಕೊಂಡ ಅಮ್ಮನನ್ನೂ ಕಂಡಿದ್ದೇವೆ. ಇದು ಸಣ್ಣ ಲಾಭವಲ್ಲ. ಆದ್ದರಿಂದ ಇದನ್ನು ಸಂಬಳವಿಲ್ಲದೆ ಕೆಲಸಕ್ಕೆ ಬಂದ ಒಬ್ಬ ಗುಮಾಸ್ತನೆಂದು ತಿಳಿಯೋಣ. ಸಂಬಳ ಬೇಡವೆಂದು ಬಂದವನನ್ನು ತಾವು ಒಮ್ಮೆಲೆ ಗಲ್ಲಾಪೆಟ್ಟಿಗೆಯ ಮುಂದೆ ಕೂರಿಸುತ್ತೀರಾ? ಕೈಬರಹ ನೋಡುತ್ತೀರಿ, ಲೆಕ್ಕ ಕೊಟ್ಟು ನೋಡುತ್ತೀರಿ.

ನಾವೂ ಲೆಕ್ಕ ಕೊಟ್ಟು ನೋಡಿದೆವು. ತಿಂಗಳ ಸಂಬಳದ ಕೆಲಸಗಾರರೊಬ್ಬರ ಗ್ರಾಚ್ಯುಟಿ. ಮೂಲ ವೇತನ, ತುಟ್ಟಿಭತ್ಯ ಸೇರಿ ಕೊನೆಯ ವೇತನ 18,200 ರೂಪಾಯಿ. ಸೇವೆ 14 ವರ್ಷ 7 ತಿಂಗಳು. ಒಂದು ಆ್ಯಪು (ಹೆಸರು ಬೇಡ, ಮರುದಿನ ಇನ್ನೊಂದೂ ಇಂಥದೇ ತಪ್ಪು ಮಾಡಿತು) ಬಹಳ ಚೆಂದದ ಕನ್ನಡದಲ್ಲಿ ವೇತನವನ್ನು 30ರಿಂದ ಭಾಗಿಸಿ, 15ರಿಂದ ಗುಣಿಸಿ, 14 ವರ್ಷಕ್ಕೆ 1,27,400 ರೂಪಾಯಿ ಎಂದು ತೀರ್ಪು ಕೊಟ್ಟಿತು. ಕಾನೂನಿನ ಲೆಕ್ಕ ಬೇರೆ. ಭಾಗಿಸಬೇಕಾದದ್ದು 26ರಿಂದ, ಆರು ತಿಂಗಳಿಗೆ ಮೀರಿದ ಭಾಗವನ್ನು ಪೂರ್ತಿ ವರ್ಷವೆಂದು ಹಿಡಿಯಬೇಕು. ಆಗ ದಿನಕ್ಕೆ 700, ವರ್ಷಕ್ಕೆ 10,500, 15 ವರ್ಷಕ್ಕೆ 1,57,500 ರೂಪಾಯಿ. ವ್ಯತ್ಯಾಸ 30,100 ರೂಪಾಯಿ! ಮಾಲೀಕನ ಕಡೆಯವರು ಇಷ್ಟು ಕಡಿಮೆ ಲೆಕ್ಕ ತೋರಿಸಿದ್ದರೆ ಗೇಟಿನ ಮುಂದೆ ಸಭೆಯಾಗುತ್ತಿತ್ತು. ಫೋನು ತೋರಿಸಿದರೆ ನಾವು ತಲೆಯಾಡಿಸುತ್ತೇವೆ.

ಇನ್ನೂ ಒಂದು ತಮಾಷೆ ಉಂಟು. "26ರಿಂದ ಭಾಗಿಸಬೇಕಲ್ಲವೆ?" ಎಂದೆವು. ಕ್ಷಮೆ ಕೇಳಿ ಸರಿಪಡಿಸಿತು. ಪರೀಕ್ಷೆಗೆಂದು "ಅಲ್ಲ, 24ರಿಂದ" ಎಂದೆವು. ಮತ್ತೆ ಕ್ಷಮೆ ಕೇಳಿ ಅದಕ್ಕೂ ಒಪ್ಪಿಕೊಂಡಿತು! ಒಡೆಯ ಹೇಳಿದ್ದಕ್ಕೆಲ್ಲ ಹೌದೆನ್ನುವ ಗುಮಾಸ್ತ. ಇದು ಕಪಟವಲ್ಲ, ಅದರ ಕಟ್ಟಡವೇ ಹಾಗೆ. ಹಿಂದೆ ಬರೆದಿಟ್ಟ ಅಪಾರ ಬರಹವನ್ನು ಓದಿಸಿ, ಒಂದು ಮಾತಿನ ಮುಂದೆ ಯಾವ ಮಾತು ಬರುವುದು ಸಹಜ ಎಂಬುದನ್ನು ಕಲಿಸಿದ ಯಂತ್ರ ಅದು. ಸರಿಯಾದ ಮಾತಿಗೂ ಸರಿಯಂತೆ ಕೇಳಿಸುವ ಮಾತಿಗೂ ಇರುವ ಅಂತರ ಅದಕ್ಕೆ ಎಲ್ಲ ಸಲವೂ ತಿಳಿಯುವುದಿಲ್ಲ. ಓದಿದ ಬರಹದಲ್ಲಿ ಇಂಗ್ಲಿಷ್ ಹೆಚ್ಚು, ಕನ್ನಡ ಬಹಳ ಕಡಿಮೆ.

ಓದು ನಿಂತ ತಾರೀಖಿನ ತೊಂದರೆ ಬೇರೆ. ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದದ್ದು 2025ರ ನವೆಂಬರ್ 21ರಂದು. 1972ರ ಗ್ರಾಚ್ಯುಟಿ ಕಾಯಿದೆ ಅಂದಿಗೆ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿತು. ವೇತನ ಎಂಬುದರ ಅರ್ಥ ಬದಲಾಯಿತು, ಗೊತ್ತಾದ ಅವಧಿಗೆ ನೇಮಕವಾದವರಿಗೆ ಐದು ವರ್ಷ ಕಾಯದೆ ಒಂದು ವರ್ಷಕ್ಕೇ ಗ್ರಾಚ್ಯುಟಿಯ ಹಕ್ಕು ಬಂತು. ಅದಕ್ಕೆ ಮುಂಚೆ ಓದು ಮುಗಿಸಿದ ಯಂತ್ರ ಹಳೆಯ ಕಾಯಿದೆಯನ್ನೇ ಒಪ್ಪಿಸುತ್ತದೆ. ಜವಳಿ ಅಂಗಡಿಯವರ ಕಥೆಯೂ ಇದೇ. 1,800 ರೂಪಾಯಿಯ ಸಿದ್ಧ ಉಡುಪಿಗೆ ಜಿಎಸ್‌ಟಿ ಎಷ್ಟು ಎಂದರೆ, ಹಳೆಯ ಓದಿನದು ನೂರಕ್ಕೆ 12 ಎನ್ನುತ್ತದೆ: 216 ರೂಪಾಯಿ. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಉಡುಪಿಗೆ ನೂರಕ್ಕೆ 5 ಆಗಿದೆ: 90 ರೂಪಾಯಿ. ಒಂದು ಅಂಗಿಗೆ 126 ರೂಪಾಯಿ ಹೆಚ್ಚು ಕೇಳುವ ಅಂಗಡಿಗೆ ಯಾವ ಗಿರಾಕಿ ಎರಡನೆಯ ಸಲ ಬರುತ್ತಾನೆ?

ಆದಕಾರಣ ಆರಿಸುವಾಗ ನಮ್ಮ ಮೊದಲ ಸಲಹೆ ಇಷ್ಟೆ: ತಮಗೆ ಚೆನ್ನಾಗಿ ಗೊತ್ತಿರುವುದನ್ನೇ ಅದಕ್ಕೆ ಕೇಳಿ. ನೇಯುವವರು ನೂಲಿನ ನಂಬರಿನ ವಿಷಯ ಕೇಳಲಿ, ಕಿರಾಣಿಯವರು ತಮ್ಮ ಸರಕಿನ ವಿಷಯ ಕೇಳಲಿ. ಗೊತ್ತಿರುವುದರಲ್ಲೇ ತಪ್ಪುವ ಗುಮಾಸ್ತ ಗೊತ್ತಿಲ್ಲದ್ದರಲ್ಲಿ ಸರಿಯಿದ್ದಾನೆಂದು ನಂಬುವುದು ಹೇಗೆ?

ಇನ್ನು ಯಾವ ಕೆಲಸಕ್ಕೆ ಯಾವುದು. ಕನ್ನಡದಲ್ಲಿ ಕಾಗದ, ಅರ್ಜಿ ಬರೆಸಲು ಜೆಮಿನಿ ಇಲ್ಲವೆ ಚಾಟ್‌ಜಿಪಿಟಿ, ಎರಡರಲ್ಲಿ ಒಂದು ಸಾಕು. ಜೆಮಿನಿ ಆ್ಯಪು 2024ರ ಜೂನಿನಲ್ಲಿ ಭಾರತಕ್ಕೆ ಬಂದಾಗಲೇ ಕನ್ನಡ ಸೇರಿ ಒಂಬತ್ತು ದೇಶಭಾಷೆಗಳೊಡನೆ ಬಂತು. ಪುಕ್ಕಟೆ ದರ್ಜೆಯಲ್ಲಿ ಎರಡೂ ಪಡಿ ಅಳೆದು ಕೊಡುತ್ತವೆ. ಪಡಿ ಮುಗಿದರೆ ಕಾಯಿರಿ ಎನ್ನುತ್ತವೆ, ಇಲ್ಲವೆ ಸಣ್ಣ ಯಂತ್ರಕ್ಕೆ ದಾಟಿಸುತ್ತವೆ. ದರ, ಕಾಯಿದೆ, ಕೊನೆಯ ತಾರೀಖು ಮುಂತಾಗಿ ಬದಲಾಗುವ ವಿಷಯಕ್ಕೆ ಪರ್‌ಪ್ಲೆಕ್ಸಿಟಿಯಂತೆ ಮೂಲದ ಕೊಂಡಿ ತೋರಿಸುವಂಥದು ಮೇಲು; ಆದರೆ ಕೊಂಡಿ ಒತ್ತಿ ಸರ್ಕಾರದ ಪುಟ ಹೌದೆ ಎಂದು ನೋಡದಿದ್ದರೆ ಅದರಿಂದ ಪ್ರಯೋಜನವಿಲ್ಲ. ಬರೀ ಭಾಷಾಂತರವಾದರೆ ಇಷ್ಟು ದೊಡ್ಡದು ಏತಕ್ಕೆ? ಕೇಂದ್ರ ಸರ್ಕಾರ 2022ರ ಜುಲೈಯಲ್ಲಿ ಆರಂಭಿಸಿದ ಭಾಷಿಣಿ ಇದೆ, ನಮ್ಮ ತೆರಿಗೆಯಿಂದಲೇ ನಡೆಯುವಂಥದು. ಗೂಗಲ್ ಟ್ರಾನ್ಸ್‌ಲೇಟಿನಲ್ಲಿ ಕನ್ನಡವನ್ನು ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ನಡೆಯುತ್ತದೆ. ವಾಟ್ಸಾಪಿನಲ್ಲಿ ಕಾಣುವ ಬಣ್ಣದ ಉಂಗುರ ಮೆಟಾ ಕಂಪನಿಯ ಎಐ. ಗೆಳೆಯರಿಗೆ ಕಳಿಸಿದ್ದನ್ನು ಕಂಪನಿ ಓದಲಾರದು. ಉಂಗುರಕ್ಕೆ ಹೇಳಿದ್ದನ್ನು ಓದಬಲ್ಲದು. ಎರಡನ್ನೂ ಒಂದೇ ಎಂದು ತಿಳಿಯಬಾರದು.

ಓದುವ ಮಾತು ಬಂದದ್ದರಿಂದ ಹೇಳುತ್ತೇವೆ. ಜೆಮಿನಿಯ ಕೆಲವು ಮಾತುಕತೆಗಳನ್ನು ಪರೀಕ್ಷೆಗೆಂದು ಮನುಷ್ಯರೇ ಓದುತ್ತಾರೆ; ಗುಟ್ಟಿನ ವಿಷಯ ಬರೆಯಬೇಡಿರೆಂದು ಗೂಗಲ್ ತಾನೇ ಹೇಳಿದೆ. ಕೇಂದ್ರ ಹಣಕಾಸು ಇಲಾಖೆ 2025ರ ಜನವರಿಯಲ್ಲಿ, ಕಚೇರಿಯ ಕಂಪ್ಯೂಟರುಗಳಲ್ಲಿ ಚಾಟ್‌ಜಿಪಿಟಿ, ಡೀಪ್‌ಸೀಕ್ ಮುಂತಾದುವನ್ನು ಬಳಸಬೇಡಿರೆಂದು ತನ್ನ ನೌಕರರಿಗೆ ತಿಳಿಸಿತು. ಸರ್ಕಾರಕ್ಕೆ ತನ್ನ ಕಡತದ ಚಿಂತೆಯಿದ್ದರೆ ನಮಗೆ ನಮ್ಮ ಕಿರ್ದಿಯ ಚಿಂತೆ ಬೇಡವೆ? ಉದ್ರಿ ಖಾತೆಯ ಪುಟವನ್ನು ಹಾಗೇ ಫೋಟೊ ತೆಗೆದು ಕಳಿಸಬೇಡಿ. ಅದರಲ್ಲಿರುವ ಹೆಸರು ನಿಮ್ಮದಲ್ಲ, ನಿಮ್ಮನ್ನು ನಂಬಿದವರದು. ಆಧಾರ್ ನಂಬರು, ಪಿಎಫ್ ನಂಬರು, ಸಂಘದ ಸದಸ್ಯರ ಪಟ್ಟಿ ಇವೂ ಬೇಡ. ಅರ್ಜಿ ಬರೆಸುವಾಗ ಹೆಸರಿನ ಜಾಗ ಖಾಲಿ ಬಿಟ್ಟು ಆಮೇಲೆ ಕೈಯಲ್ಲಿ ತುಂಬಿದರೆ ಏನು ನಷ್ಟ? ಚಾಟ್‌ಜಿಪಿಟಿಯ ಸೆಟ್ಟಿಂಗಿನಲ್ಲಿ ನಮ್ಮ ಮಾತನ್ನು ಯಂತ್ರದ ತರಬೇತಿಗೆ ಬಳಸದಂತೆ ಮಾಡುವ ಗುಂಡಿಯುಂಟು. ಅದನ್ನು ಒಮ್ಮೆ ಆರಿಸಿ ಬಿಡಿ.

ಕಳ್ಳ ಸರಕಿನ ವಿಷಯ ಚುಟುಕಾಗಿ. ಚಾಟ್‌ಜಿಪಿಟಿ 2022ರ ನವೆಂಬರಿನಲ್ಲಿ ಹೊರಬಂದರೂ ಅದರ ನಿಜವಾದ ಆಂಡ್ರಾಯ್ಡ್ ಆ್ಯಪು ಬಂದದ್ದು 2023ರ ಜುಲೈಯಲ್ಲಿ. ನಡುವಿನ ತಿಂಗಳುಗಳಲ್ಲಿ ಅದನ್ನೇ ಹೋಲುವ ಹೆಸರಿನ ಎಷ್ಟೋ ಆ್ಯಪುಗಳು ಅಂಗಡಿ ತೆರೆದು, ಮೂರು ದಿನ ಪುಕ್ಕಟೆ ಎಂದು ಒಳಗೆ ಕರೆದು, ವಾರ ವಾರ ಹಣ ಎಳೆದವು. ಆ್ಯಪಿನ ಹೆಸರಿನ ಕೆಳಗೆ ತಯಾರಕನ ಹೆಸರು ಇರುತ್ತದೆ, ಅದನ್ನು ಓದಿ. ವಾಟ್ಸಾಪಿನಲ್ಲಿ ಯಾರಾದರೂ ಆ್ಯಪಿನ ಕಡತವನ್ನೇ ಕಳಿಸಿದರೆ, ಅವರು ಬೀಗರೇ ಆಗಿರಲಿ, ಒತ್ತಬೇಡಿ.

ಉಳಿದದ್ದು ಅವಧಿ ಮುಗಿಯುವ ಪುಕ್ಕಟೆ. ಇಂಥ ಕೊಡುಗೆಗಳಲ್ಲಿ ಕೆಲವು ಮೊದಲೇ ಯುಪಿಐ ಆಟೊಪೇಗೆ ಇಲ್ಲವೆ ಕಾರ್ಡಿಗೆ ಒಪ್ಪಿಗೆ ಕೇಳುತ್ತವೆ. ಒಪ್ಪಿಗೆ ಕೊಟ್ಟದ್ದು ನಮಗೆ ಮರೆಯುತ್ತದೆ, ಅವರಿಗೆ ಮರೆಯುವುದಿಲ್ಲ. ರಿಸರ್ವ್ ಬ್ಯಾಂಕಿನ ನಿಯಮದಂತೆ ಹಣ ಕಡಿಯುವ 24 ಗಂಟೆ ಮೊದಲು ಸೂಚನೆ ಬರಬೇಕು; ಬರುತ್ತದೆ ಕೂಡ, ಇಂಗ್ಲಿಷಿನಲ್ಲಿ, ರಾತ್ರಿ ಪಾಳಿ ಮುಗಿಸಿ ಮಲಗಿದ ಹೊತ್ತಿನಲ್ಲಿ. 399 ರೂಪಾಯಿ ಎಷ್ಟು ಮನೆಗಳಿಗೆ ವಾರದ ಹಾಲಿನ ಹಣ. ಆಟೊಪೇಯನ್ನು ರದ್ದು ಮಾಡಲು ಕಂಪನಿಯನ್ನು ಬೇಡಬೇಕಾಗಿಲ್ಲ. ಹಣ ಕಳಿಸುವ ಆ್ಯಪಿನಲ್ಲಿಯೇ ಆಟೊಪೇ ಎಂಬ ಪಟ್ಟಿ ಇರುತ್ತದೆ, ಅಲ್ಲಿಯೇ ನಿಲ್ಲಿಸಬಹುದು. ಆ್ಯಪನ್ನು ಫೋನಿನಿಂದ ಅಳಿಸಿದರೆ ಮಾತ್ರ ಅದು ನಿಲ್ಲುವುದಿಲ್ಲ. ಹೀಗೆ ಅಳಿಸಿ ನಿಶ್ಚಿಂತರಾಗಿದ್ದ ಇಬ್ಬರು ನಮ್ಮ ನಡುವೆಯೇ ಕೂತಿದ್ದಾರೆ.

ಆ ಸ್ಪಿನ್ನಿಂಗ್ ಖಾತೆಯ ಹಿರಿಯರ ನಾಲ್ಕರಲ್ಲಿ ಒಂದು ನಕಲಿ ಎಂದು ತೆಗೆದೆವು. ಇನ್ನೊಂದಕ್ಕೆ ಕನ್ನಡ ಸರಿಯಾಗಿ ಬಾರದೆಂದು ತೆಗೆದೆವು. ಅರ್ಜಿ ಬರೆಸಲು ಒಂದು, ಭಾಷಾಂತರಕ್ಕೊಂದು ಉಳಿದಿವೆ. ಗ್ರಾಚ್ಯುಟಿಯ ಲೆಕ್ಕವನ್ನು ಅವರು ಸಂಘದ ಕಚೇರಿಯಲ್ಲಿ ಕಾಗದದ ಮೇಲೆ ಬರೆಸಿಕೊಂಡು ಹೋದರು. ಸಭೆ ಮುಗಿದ ಮೇಲೆ ಅರ್ಧ ಗಂಟೆ ಇಲ್ಲೇ ಇರುತ್ತೇವೆ. 2025ರ ಆ ಕೊಡುಗೆಗಳನ್ನು ಹಾಕಿಸಿಕೊಂಡವರು ಫೋನು ತೆಗೆದುಕೊಂಡು ಮುಂದಿನ ಬೆಂಚಿಗೆ ಬನ್ನಿ, ಆಟೊಪೇ ಪಟ್ಟಿಯನ್ನು ತೆರೆದು ನೋಡೋಣ.